ಎಚ್ಚರಿಕೆ ಸ್ಪ್ಯಾಮಿಗೆ, ಹೂವಿನ ಕವರ್ ಇನ್‌ಬಾಕ್ಸಿಗೆ

ಇಮೇಲ್ ಸಂಸ್ಥೆಯ ಸ್ಪ್ಯಾಮ್ ತಡೆ ವಿಭಾಗದ ಮುಖ್ಯಸ್ಥರೇ,

ನಿಮ್ಮ ಫಿಲ್ಟರ್ ಒಬ್ಬ ಮುದುಕಿಯನ್ನು ಸುಟ್ಟಿದೆ. ಇದನ್ನು ನಯವಾಗಿ ಹೇಳುವ ದಾರಿ ನನಗೂ ಗೊತ್ತು. ಆನ್‌ಲೈನ್ ಅಂಗಡಿಯೊಂದರ ಪರವಾಗಿ ಗಿರಾಕಿಗಳಿಗೆ ನಯವಾದ ಇಮೇಲ್ ಬರೆಯುವುದೇ ನನ್ನ ಹೊಟ್ಟೆಪಾಡು. ಇವತ್ತು ಆ ನಯ ಬೇಡ.

ನಾವು ಸೊಂಟನೋವಿನವರಿಗೆ ಹೀಟಿಂಗ್ ಪ್ಯಾಡ್ ಮಾರುತ್ತೇವೆ. ಕಳೆದ ತಿಂಗಳ ಮಾಲಿನಲ್ಲಿ ದೋಷವಿತ್ತು: ಬಿಸಿಯಾದ ಮೇಲೆ ತಾನಾಗಿ ಆಫ್ ಆಗಬೇಕಾದ್ದು ಆಗುತ್ತಿರಲಿಲ್ಲ. ತಿಳಿದ ಕೂಡಲೇ ಕೊಂಡವರಿಗೆಲ್ಲ ಒಟ್ಟಿಗೆ ಬರೆದೆ: 'ತುರ್ತು! ಈಗಲೇ ಪ್ಲಗ್ ಕೀಳಿ. ಬೆಂಕಿ ಹತ್ತಬಹುದು. ಹಣ ಪೂರ್ತಿ ವಾಪಸ್.' ತಾವು ಅದನ್ನು ಮೂಸಿ ನೋಡಿ ಸ್ಪ್ಯಾಮಿಗೆ ತಳ್ಳಿದಿರಿ. ತುರ್ತು ಎನ್ನುವವರು ಮೋಸಗಾರರು, ಹಣ ಕೊಡುತ್ತೇವೆ ಎನ್ನುವವರು ಮಹಾ ಮೋಸಗಾರರು, ಎಲ್ಲರಿಗೂ ಒಮ್ಮೆಲೇ ಕೂಗಿ ಹೇಳುವವರಂತೂ ಕೇಳುವುದೇ ಬೇಡ! ಬೆಂಕಿಯ ಮಾತನ್ನು ಮನುಷ್ಯರು ಬೇರೆ ಹೇಗೆ ಕೂಗುತ್ತಾರೆ ಸ್ವಾಮಿ? ನಿಮ್ಮ ಮನೆಗೆ ಬೆಂಕಿ ಬಿದ್ದರೆ ಪಕ್ಕದವರು ಮೊದಲು ಕುಶಲ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರಬೇಕೆ?

ಫೋನ್ ಮಾಡಬಾರದಿತ್ತೇ ಎನ್ನುವಿರಿ. ಮಾಡುತ್ತಲೇ ಇದ್ದೆವು. ಗಿರಾಕಿಗಳು ಸಾವಿರಾರು, ಕಚೇರಿಯಲ್ಲಿ ನಾವು ನಾಲ್ವರು. ಬಟ್ಟೆ ಹೊಲಿದು ಜೀವನ ಮಾಡುವ ಒಬ್ಬಳ ಸರದಿ ಬರುವ ಮೊದಲೇ ಆಕೆಯೇ ನಮಗೆ ಫೋನ್ ಮಾಡಿದಳು. ಪ್ಯಾಡ್ ಕೊಂಡದ್ದು ಹಾಸಿಗೆ ಹಿಡಿದ ತಾಯಿಗೆ. ಪಾರ್ಶ್ವವಾಯು ಹೊಡೆದು ಆ ತಾಯಿಯ ಬಲಭಾಗಕ್ಕೆ ಬಿಸಿ-ತಂಪು ತಿಳಿಯುತ್ತಿರಲಿಲ್ಲ.

"ಅಮ್ಮ ಒಳಗಿಂದ ಕೂಗಿದ್ರು, ಏನೋ ಸೀದ ವಾಸನೆ ಬರ್ತಿದೆ, ಒಲೆ ಮೇಲೇನಿಟ್ಟಿದ್ದೀಯೇ ನೋಡು ಅಂತ. ಒಲೆ ಆರಿತ್ತು. ಇಸ್ತ್ರಿಪೆಟ್ಟಿಗೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಏನಿಲ್ಲಮ್ಮ, ಪಕ್ಕದ ಮನೇದಿರ್ಬೇಕು, ಸುಮ್ನೆ ಮಲ್ಕೋ ಅಂದ್ಬಿಟ್ಟು ಹೊಲಿಯೋಕೆ ಕೂತೆ ಕಣ್ರೀ."

ಸೀಯುತ್ತಿದ್ದದ್ದು ಅಮ್ಮನ ಸೊಂಟ.

ಎಚ್ಚರಿಕೆಯ ಇಮೇಲ್ ಕಳಿಸಿದ್ದೆವಲ್ಲ ಎಂದು ತೊದಲಿದೆ. ಆಕೆ ಇನ್‌ಬಾಕ್ಸ್ ತೆರೆದಳು. "ನಿಮ್ಮ ಅಂಗಡೀದು ಒಂದೇ ಇದೆ. ಹೀಟಿಂಗ್ ಪ್ಯಾಡಿಗೆ ಹೂವಿನ ಕವರ್, ಅರ್ಧ ಬೆಲೆ, ಅಮ್ಮನಿಗೆ ಬೆಚ್ಚನೆಯ ಪ್ರೀತಿ ಅಂತಿದೆ. ಇದೇನಾ ನಿಮ್ಮ ಎಚ್ಚರಿಕೆ?" ಅದನ್ನೂ ನಾನೇ ಬರೆದದ್ದು, ಹಿಂದಿನ ವಾರ. ಅದನ್ನು ಮಾತ್ರ ತಾವು ಕೈಹಿಡಿದು ಒಳಗೆ ಕರೆದು ಮಣೆ ಹಾಕಿ ಕೂರಿಸಿದ್ದಿರಿ.

ನಿಮ್ಮ ಸಹಾಯವಾಣಿಯಲ್ಲಿ ಸಿಕ್ಕ ಪುಣ್ಯಾತ್ಮ ಬುದ್ಧಿ ಹೇಳಿದ: "ಮೇಡಂ, ಬೆಂಕಿ ಗಿಂಕಿ ಅಂತೆಲ್ಲ ಹಾಕ್ಬೇಡಿ. ಸ್ವಲ್ಪ ಖುಷಿಯಾಗಿ ಬರೀರಿ. ಎಲ್ರಿಗೂ ಒಟ್ಟಿಗೆ ಬೇಡ, ದಿನಕ್ಕಿಷ್ಟು ಅಂತ ಕಳಿಸಿ." ಹಾಗೇ ಮಾಡಿದೆ. 'ನಿಮಗೊಂದು ಪುಟ್ಟ ಉಡುಗೊರೆ' ಎಂದು ಶೀರ್ಷಿಕೆ ಕೊಟ್ಟು, ಮೈ ಸುಡಬಹುದು ಎಂಬ ಮಾತನ್ನು ಹೂಗುಚ್ಛದ ಚಿತ್ರದ ಕೆಳಗೆ ಬರೆದೆ. ಒಂದೂ ಸ್ಪ್ಯಾಮಿಗೆ ಬೀಳಲಿಲ್ಲ. ಜಾಹೀರಾತೆಂದು ಓದದೇ ಅಳಿಸಿದವರು ಎಷ್ಟು ಮಂದಿಯೋ, ಅವರ ಹಾಸಿಗೆಗಳಲ್ಲಿ ಪ್ಯಾಡ್ ಈಗಲೂ ಬಿಸಿಯಾಗುತ್ತಿದೆ. ನಿಮ್ಮ ಲೆಕ್ಕದಲ್ಲಿ ಮಾತ್ರ ನಾನೀಗ ಮರ್ಯಾದಸ್ಥಳು. ನೆನೆದರೆ ಮೈ ಉರಿಯುತ್ತದೆ.

ಆ ತಾಯಿ ಮೊನ್ನೆ ತೀರಿಕೊಂಡರು. ಗಾಯ ಕೀವಾಗಿ ನಂಜೇರಿತ್ತು. ಅಷ್ಟು ಹೇಳಿ ಫೋನಿಟ್ಟ ಮಗಳು ಈಗ ನಮ್ಮ ಫೋನ್ ಎತ್ತುವುದಿಲ್ಲ, ಯಾಕಾದರೂ ಎತ್ತಬೇಕು?

ನನ್ನ ಬೇಡಿಕೆ ಇಷ್ಟೇ. ಜೀವಕ್ಕೆ ಅಪಾಯವೆಂದು ಯಾರಾದರೂ ಬರೆದರೆ ಅದನ್ನು ಯಂತ್ರಕ್ಕೆ ಬಿಡದೆ, ಓದಲು ಬರುವ ಒಬ್ಬ ಮನುಷ್ಯನ ಕೈಗೆ ಕೊಡಿ. ಅಂಥವರಿಗೆ ಸಂಬಳ ಕೊಡುವುದು ದಂಡವೆನಿಸಿದರೆ ಆ ಕುರ್ಚಿಯಲ್ಲಿ ತಾವೇ ಕೂರಿ. ಅದೂ ಆಗದಿದ್ದರೆ ಒಂದು ಸಲಹೆಯನ್ನಾದರೂ ದಯಪಾಲಿಸಿ. ಆ ಮಗಳಿಗೆ ನಾನು ಬರೆಯಬೇಕಾಗಿದೆ. 'ನಿಮ್ಮಮ್ಮನನ್ನು ಕೊಂದದ್ದು ನಾವು' ಎಂಬ ಪತ್ರದ ತಲೆಯ ಮೇಲೆ ಯಾವ ಸಿಹಿಸುದ್ದಿ ಕೂರಿಸಿದರೆ ತಾವು ಅದನ್ನು ಆಕೆಗೆ ತಲುಪಲು ಬಿಡುತ್ತೀರಿ?

ಇಂತಿ,
ತಮ್ಮ ಕೃಪೆಯಿಂದ ಈಗ ಎಲ್ಲರ ಇನ್‌ಬಾಕ್ಸಿಗೂ ಹೋಗಬಲ್ಲ
ಒಬ್ಬ ಇಮೇಲ್ ಗುಮಾಸ್ತೆ