ಮೂರನೇ ಮಹಡಿಗೆ ಬಾರದ ಊತ

ಕೀಲುರೋಗ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದ ಮಾನ್ಯರೇ,

ನಿಮ್ಮ ಗಿಡದ ಕ್ಯಾಪ್ಸೂಲ್ ಗೌಟ್ ರೋಗವನ್ನು ಗೆದ್ದಿದೆಯೆಂದು ಸಾರಿದ್ದೀರಿ. ಸುಳ್ಳು. ಗೆದ್ದಿದ್ದು ನಿಮ್ಮ ಕಟ್ಟಡದ ಮೆಟ್ಟಿಲು. ನೋವು ಹೆಚ್ಚಾದವರನ್ನು ಅದು ಕೆಳಗೇ ತಡೆಯಿತು, ನಡೆಯಬಲ್ಲವರನ್ನು ಮಾತ್ರ ಮೇಲಕ್ಕೆ ಬಿಟ್ಟಿತು. ಮೇಲೆ ಬಂದವರ ಕಾಲು ನೋಡಿ ನೀವು ಔಷಧಕ್ಕೆ ಜೈಕಾರ ಹಾಕಿದಿರಿ. ಕೆಳಗೇ ಉಳಿದವರಲ್ಲಿ ಒಬ್ಬ ನನ್ನ ತಮ್ಮ. ಅವನ ಹಳೆಯ ಮಾತ್ರೆ ನಿಲ್ಲಿಸಿದವರು ನೀವು. ಅದನ್ನು ಇವತ್ತಿನವರೆಗೂ ವಾಪಸ್ ಕೊಟ್ಟಿಲ್ಲ.

ಅವನು ಸಿಟಿ ಬಸ್ಸಿನ ಡ್ರೈವರ್. ಈ ರೋಗದಲ್ಲಿ ಯೂರಿಕ್ ಆಮ್ಲ ರಕ್ತದಲ್ಲಿ ಏರಿ, ಸೂಜಿಯಂಥ ಹರಳುಗಳಾಗಿ ಕೀಲಿನೊಳಗೆ ಕೂರುತ್ತದೆ. ಮೈಯನ್ನು ಕಾಯಬೇಕಾದ ಬಿಳಿ ರಕ್ತಕಣಗಳು ಆ ಹರಳಿನ ಮೇಲೆ ಮುಗಿಬಿದ್ದು ಕೀಲನ್ನೇ ಸುಡುತ್ತವೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಹೊದಿಕೆಯ ಅಂಚು ತಾಗಿದರೆ ಆಳೆತ್ತರದ ಗಂಡಸು ಹೇಗೆ ಕಿರುಚುತ್ತಾನೆ ಎಂಬುದನ್ನು ಮಾತ್ರ ಹೇಳಬೇಕು, ಏಕೆಂದರೆ ನಿಮ್ಮ ಕೋಣೆಯವರೆಗೆ ಆ ದನಿ ಬರುವುದಿಲ್ಲ. ಅವನಿಗೆ ರೋಗ ಇದ್ದದ್ದು ಬಲಗಾಲಿನ ಹೆಬ್ಬೆರಳಿನಲ್ಲಿ, ಬ್ರೇಕ್ ಒತ್ತುವ ಕಾಲಿನಲ್ಲಿ. ಆಮ್ಲ ಇಳಿಸಲು ಒಂದು ಮಾತ್ರೆ, ಊತ ತಡೆಯಲು ಇನ್ನೊಂದು. ಎರಡನ್ನೂ ನುಂಗಿಕೊಂಡು ವರ್ಷಗಟ್ಟಲೆ ಬಸ್ ಓಡಿಸಿದ, ಒಬ್ಬರಿಗೂ ತರಚು ಗಾಯ ಮಾಡದೆ.

ಆಮೇಲೆ ನಿಮ್ಮವರು ಡಿಪೋಗೆ ಬಂದರು. ಹೊಸ ಪ್ರಯೋಗಕ್ಕೆ ಸೇರುವವರು ಮೊದಲು ಹಳೆಯ ಮಾತ್ರೆ ಬಿಡಬೇಕು, ಅದರ ಪ್ರಭಾವ ಮೈಯಿಂದ ಪೂರ್ತಿ ಹೋಗಬೇಕು, ಆಮೇಲಷ್ಟೇ ಕ್ಯಾಪ್ಸೂಲ್ ಎಂದರು. "ಗಿಡದ್ದು ಕಣಕ್ಕಾ, ಗಿಡ ಏನು ಕಚ್ಚುತ್ತಾ?" ಎಂದು ನಕ್ಕ ನನ್ನ ತಮ್ಮ. ಗಿಡದ ಮೇಲೆ ನನಗೆ ಹಗೆಯಿಲ್ಲ, ಮಾನ್ಯರೇ. ಅವನ ಊತ ತಡೆಯುತ್ತಿದ್ದ ಹಳೆಯ ಮಾತ್ರೆಯೂ ಮೂಲದಲ್ಲಿ ಒಂದು ಗಿಡದ ಗೆಡ್ಡೆಯಿಂದಲೇ ಬಂದದ್ದು. ಗಿಡ ಯಾರಿಗೂ ಮೋಸ ಮಾಡುವುದಿಲ್ಲ. ಅದರ ಸಾರ ತೆಗೆದು, ಜನರಿಗೆ ತಿನ್ನಿಸಿ, ಬೇಕಾದ ಕಾಲನ್ನಷ್ಟೇ ಎಣಿಸುವವರು ಮಾಡುತ್ತಾರೆ.

ಕ್ಯಾಪ್ಸೂಲ್ ಶುರುವಾದ ಮೇಲೆ ಒಂದು ದಿನ, ತುಂಬಿದ ಬಸ್ಸನ್ನು ಅವನು ನಿಲ್ದಾಣದಲ್ಲಿ ನಿಲ್ಲಿಸಿದವನು ಮತ್ತೆ ಹೊರಡಿಸಲಿಲ್ಲ.

"ಏನ್ ಡ್ರೈವರ್ರೇ, ನಿದ್ದೆ ಬಂತಾ?"

"ಹೆಂಡ್ತಿ ನೆನಪಾದ್ಲೇನೋ, ಬಿಡ್ರಿ ಪಾಪ!"

ಅವನು ಶೂ ಬಿಚ್ಚಿ ಕಾಲು ತೋರಿಸಿದ. ಗೇಲಿ ಮಾಡಿದವರೇ ಇಳಿದು ಅವನನ್ನು ಎತ್ತಿಕೊಂಡರು. ಅಂದಿನಿಂದ ಡಿಪೋ ಅವನ ಕೈಗೆ ಸ್ಟೀರಿಂಗ್ ಕೊಟ್ಟಿಲ್ಲ. ಡಿಪೋ ಮಾಡಿದ್ದು ಸರಿಯೇ.

ಪ್ರಯೋಗದ ಕೊನೆಯ ಭೇಟಿಗೆಂದು ನಾನು ಅವನನ್ನು ಆಟೋದಲ್ಲಿ ನಿಮ್ಮಲ್ಲಿಗೆ ಕರೆತಂದೆ. ಕೀಲು ಹಿಡಿದವರನ್ನು ಪರೀಕ್ಷಿಸುವ ಕೋಣೆ ಮೂರನೇ ಮಹಡಿಯಲ್ಲಿ! ಯಾವ ಮಹಾನುಭಾವರ ಯೋಜನೆ ಅದು? ಲಿಫ್ಟಿನ ಪಕ್ಕದ ಫಲಕ 'ಅಧಿಕಾರಿಗಳಿಗೆ ಮಾತ್ರ' ಎನ್ನುತ್ತಿತ್ತು. ಬಾಗಿಲಲ್ಲಿದ್ದ ಕಾವಲುಗಾರ ಕೈ ಅಡ್ಡ ಹಿಡಿದ. ನನ್ನ ತಮ್ಮ ಮೆಟ್ಟಿಲಿಗೆ ಬೆನ್ನು ಕೊಟ್ಟು ಕೂತ. ಕೈಯೂರಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಏರಿದ. ಅವನ ಬಲಗಾಲನ್ನು ನಾನು ಗಾಳಿಯಲ್ಲಿ ಹಿಡಿದಿದ್ದೆ. ಮೊದಲ ತಿರುವಿಗೇ ಅವನ ಮುಖ ಬಿಳಿಚಿತು. ಮೇಲಿನ ಮೆಟ್ಟಿಲ ಕಂಬಿಯಿಂದ ನಿಮ್ಮ ಸಹಾಯಕಿ ಇಣುಕಿದರು.

"ಬೇಗ ಬನ್ನಿ ಮೇಡಂ, ಬಾಗಿಲು ಹಾಕೋ ಹೊತ್ತಾಯ್ತು."

"ನೀವೇ ಇಳಿದು ಬನ್ನಿ ತಾಯಿ, ಕಾಲು ನೋಡಿ, ಎಷ್ಟು ಊದಿದೆ!"

"ಕೋಣೆಗೆ ಬಂದ ಊತ ಮಾತ್ರ ನಾವು ಅಳೆಯೋದು. ಬರಲ್ಲ ಅಂದ್ರೆ ಪ್ರಯೋಗ ತಾವಾಗಿ ಬಿಟ್ಟರು ಅಂತ ಆಗುತ್ತೆ."

ತಮ್ಮ ಹಲ್ಲು ಕಚ್ಚಿ ನಕ್ಕ. "ನಡಿಯಕ್ಕಾ, ಹೋಗೋಣ. ನನ್ನ ಊತಕ್ಕೆ ಲಿಫ್ಟಿನ ಪಾಸ್ ಸಿಕ್ಕಿಲ್ಲ."

ಆಮೇಲೆ ನೀವು ಸಭೆ ಕರೆದಿರಿ. ಕೊನೆಯ ಭೇಟಿಗೆ ಬಂದ ಒಬ್ಬರಲ್ಲೂ ತೀವ್ರ ಊತ ಕಾಣಲಿಲ್ಲ ಎಂದಿರಿ. ಚಪ್ಪಾಳೆ ಬಿತ್ತು. ನಾನು ಎದ್ದು ಕೇಳಿದೆ: "ತೀವ್ರ ಊತ ಇದ್ದವರು ಮೂರು ಮಹಡಿ ಹತ್ತೋದು ಹೇಗೆ ಸ್ವಾಮಿ?"

ನೀವು ಮುಗುಳ್ನಕ್ಕಿರಿ. "ನಿಮ್ಮ ಸಂಕಟ ಅರ್ಥ ಆಗುತ್ತಮ್ಮಾ. ಆದರೆ ವಿಜ್ಞಾನ ಭಾವನೆಗಳಿಂದ ನಡೆಯಲ್ಲ."

ಮತ್ತೊಮ್ಮೆ ಚಪ್ಪಾಳೆ. ಎಷ್ಟು ಹಗುರವಾದ ಮಾತು! ಭಾವನೆ ಕೇಳಿದ್ದು ಯಾರು? ನಾನು ಕೇಳಿದ್ದು ಲೆಕ್ಕ. ಮುಳುಗಿದವರನ್ನು ಬಿಟ್ಟು, ದಡ ಸೇರಿದವರನ್ನಷ್ಟೇ ನಿಲ್ಲಿಸಿಕೊಂಡು "ಈ ಹೊಳೆಯಲ್ಲಿ ಯಾರೂ ಮುಳುಗುವುದಿಲ್ಲ" ಎನ್ನುವವನನ್ನು ಜನ ವಿಜ್ಞಾನಿ ಎನ್ನುವುದಿಲ್ಲ. ಏನನ್ನುತ್ತಾರೆಂದು ಬೀದಿಗಿಳಿದು ಕೇಳಿಕೊಳ್ಳಿ. ನಾನು ಬೀದಿಯಲ್ಲಿ ಘೋಷಣೆ ಕೂಗಿ ಗಂಟಲು ಕೆಡಿಸಿಕೊಂಡವಳು. ಲಾಠಿ ಹಿಡಿದವರನ್ನು ಕಂಡಿದ್ದೇನೆ. ಅವರು ಹೊಡೆದ ಮೇಲೆ, ಗಾಯವೇ ಆಗಿಲ್ಲವೆಂದು ವೇದಿಕೆ ಹತ್ತಿ ಶಾಲು ಹೊದೆಸಿಕೊಳ್ಳುತ್ತಿರಲಿಲ್ಲ.

ನಿಮ್ಮ ಗೆಲುವಿನ ಫಲ ಈಗ ಉಣ್ಣುತ್ತಿದ್ದೇವೆ. ಸರ್ಕಾರಿ ಔಷಧಾಲಯದಲ್ಲಿ ಹಳೆಯ ಮಾತ್ರೆ ಕೇಳಿದರೆ "ಅದು ನಿಂತುಹೋಯ್ತು, ಈಗೆಲ್ಲ ಕ್ಯಾಪ್ಸೂಲೇ" ಎನ್ನುತ್ತಾರೆ. ಸಂಬಳವಿಲ್ಲದ ನನ್ನ ತಮ್ಮ, ಅಂಗಡಿಯ ಅಗ್ಗದ ನೋವಿನ ಗುಳಿಗೆ ನುಂಗಿ ನುಂಗಿ ಮೂತ್ರಪಿಂಡ ಕೆಡಿಸಿಕೊಂಡ. ಹೆಬ್ಬೆರಳ ಗಂಟು ಒಡೆದು ಸೀಮೆಸುಣ್ಣದ ಪುಡಿಯಂಥದ್ದು ಹೊರಬಂತು. ಗಾಯಕ್ಕೆ ಕೀವಾಯಿತು, ಕೀವು ಮೂಳೆಗಿಳಿಯಿತು. ಈಗ ಅವನು ದೊಡ್ಡಾಸ್ಪತ್ರೆಯ ನೆಲಮಹಡಿಯ ವಾರ್ಡಿನಲ್ಲಿದ್ದಾನೆ. ಸೋಮವಾರ ಬೆರಳು ಕತ್ತರಿಸುತ್ತಾರಂತೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಇದು ಬಿನ್ನಹವಲ್ಲ. ಹಳೆಯ ಮಾತ್ರೆಗಳು ಔಷಧಾಲಯಕ್ಕೆ ಮರಳಬೇಕು, ಇವತ್ತೇ. ತಮ್ಮನ ಎಡಗಾಲು ಇನ್ನೂ ಉಳಿದಿದೆ. 'ತಾವಾಗಿ ಬಿಟ್ಟವರು' ಎಂದು ನೀವು ತಳ್ಳಿದ ಪ್ರತಿಯೊಬ್ಬರ ಮನೆಗೂ ನಿಮ್ಮವರು ಹೋಗಿ ಕಾಲು ನೋಡಬೇಕು, ಆ ಕಾಲುಗಳನ್ನೂ ಸೇರಿಸಿ ಫಲಿತಾಂಶವನ್ನು ಮತ್ತೆ ಹೇಳಬೇಕು, ಅದೇ ಸಭಾಂಗಣದಲ್ಲಿ, ಅದೇ ಧ್ವನಿವರ್ಧಕದಲ್ಲಿ. ಮತ್ತು ಸೋಮವಾರಕ್ಕೆ ಮೊದಲು ನೀವೇ ಬಂದು, ನಿಮ್ಮ ಕೈಯಾರೆ, ನನ್ನ ತಮ್ಮನ ಹೆಬ್ಬೆರಳಿನ ಊತವನ್ನು ಅಳೆಯಬೇಕು.

ತಡಮಾಡಬೇಡಿ. ಸೋಮವಾರ ಕಳೆದರೆ ಆ ಬೆರಳಲ್ಲಿ ಊತ ಇರುವುದಿಲ್ಲ. ಅದನ್ನೂ ಕ್ಯಾಪ್ಸೂಲಿನ ಖಾತೆಗೆ ಹಾಕಿಕೊಳ್ಳಲು ನೀವು ಹೇಸುವವರಲ್ಲ.

ಇಂತಿ,
ತಾನಾಗಿ ಏನನ್ನೂ ಬಿಡದವನ,
ಬಿಡುವ ಅಭ್ಯಾಸವಿಲ್ಲದ ಅಕ್ಕ