ಮುಂಬಯಿವರೆಗೆ ಬಂದವರು

೧೪ ಜುಲೈ ೧೯೮೪, ಶನಿವಾರ. ಗುಡಗೇರಿ.

ಇವತ್ತೂ ಬರಲಿಲ್ಲ. ಎರಡು ವರ್ಷ ನೈಜೀರಿಯಾದಲ್ಲಿ ಮಾಸ್ತರಿಕೆ ಮಾಡಿ ಹೊರಟ ನಮ್ಮವರನ್ನು ಮುಂಬಯಿ ವಿಮಾನ ನಿಲ್ದಾಣದಲ್ಲೇ ತಡೆದಿದ್ದಾರೆ. ಪೋಸ್ಟಾಫೀಸಿಗೆ ಅವರ ಫೋನ್ ಬಂತು.

“ಹಳದಿ ಜ್ವರದ ಸೂಜಿ ಮಾಡಿಸಿ ಐದ ದಿನ ಆಗೇತಿ. ಅದು ನಾಟಾಕ ಹತ್ತ ದಿನ ಬೇಕಂತ, ಅಲ್ಲೀತನಕ ಬಿಡಂಗಿಲ್ಲಂತ. ಸೊಳ್ಳಿಯಿಂದ ಹಬ್ಬೂ ಜಡ್ಡಂತ, ಸೊಳ್ಳಿಪರದಿ ಒಳಗ ಇಟ್ಟಾರ.”

“ಮೈ ಬಿಸಿ ಐತೇನ್ರಿ?”

“ಇಲ್ಲ, ಅಗದಿ ಆರಾಮ ಅದೀನಿ. ನೀ ಹೆಂಗದಿ?”

ಪೋಸ್ಟ್‌ಮಾಸ್ತರರು ಎದುರಿಗೇ ಕೂತಿದ್ದರು. “ಎಲ್ಲಾರೂ ಆರಾಮ ಅದೀವ್ರಿ” ಎಂದೆ.

“ಎರಡ ವರ್ಷ ಕಾದಿ, ಐದ ದಿನ ಏನ್ ಮಹಾ?” ಎನ್ನುತ್ತಾರೆ ಅತ್ತೆ. ಅಷ್ಟು ದೂರವಿದ್ದಾಗ ನನಗೆ ಹೇಗೋ ನಿದ್ದೆ ಬರುತ್ತಿತ್ತು. ಈಗ ಒಂದು ದಿನದ ರೈಲಿನಷ್ಟು ಹತ್ತಿರ ಇದ್ದಾರೆ, ಕಣ್ಣು ಮುಚ್ಚುತ್ತಿಲ್ಲ.

ಸೋಮವಾರ ಮತ್ತೆ ಫೋನ್ ಮಾಡುತ್ತಾರಂತೆ. ಎದುರಿಗೆ ಯಾರೇ ಕೂತಿರಲಿ, “ನನಗ ತಡಿಯೂದಾಗವಲ್ದು, ಲಗೂನ ಬರ್ರಿ” ಎಂದುಬಿಡುತ್ತೇನೆ.