ಏಳು ಅಡಿಟಿಪ್ಪಣಿಗಳ ಶಿಫಾರಸು

ಮೇಷ್ಟ್ರಿಗೆ,

ಗೌರವದಿಂದಲೇ ಶುರು ಮಾಡುತ್ತಿದ್ದೇನೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅದು ಎಷ್ಟು ಉಳಿದಿರುತ್ತದೋ ಹೇಳಲಾರೆ.

ನಿನ್ನೆ ನಿಮ್ಮ ಲಕೋಟೆ ಬಂತು. ಒಳಗೆ, ನನ್ನ ಪಿಎಚ್.ಡಿ. ಅರ್ಜಿಗಳಿಗಾಗಿ ನೀವು ಡಿಸೆಂಬರಿನಲ್ಲಿ ಬರೆದ ಶಿಫಾರಸು ಪತ್ರದ ಪ್ರತಿ. ಅದಕ್ಕೆ ಗುಂಡುಸೂಜಿ ಚುಚ್ಚಿ ಒಂದು ಚೀಟಿ: 'ಒಬ್ಬರ ಬಗ್ಗೆ ಬರೆದ ದಾಖಲೆಯ ಪ್ರತಿ ಅವರ ಬಳಿಯೂ ಇರತಕ್ಕದ್ದು.' ಇರತಕ್ಕದ್ದಂತೆ! ಆ ಪತ್ರವನ್ನು ನೋಡಲು ಕೇಳುವುದಿಲ್ಲ ಎಂದು ಆರು ಅರ್ಜಿಗಳಲ್ಲೂ ಒಪ್ಪಿ ಸಹಿ ಹಾಕಿದವಳು ನಾನು. ಕೇಳಲಿಲ್ಲ. ನೀವಾಗಿಯೇ ಕಳಿಸಿದಿರಿ. ಓದಿದೆ. ಓದಿ ತಲೆ ಚಚ್ಚಿಕೊಂಡೆ.

ಮೊದಲು ಇಲ್ಲಿನ ಪರಿಸ್ಥಿತಿ ತಿಳಿಸಿಬಿಡುತ್ತೇನೆ. ಆರು ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳಿಗೆ ಅರ್ಜಿ ಹಾಕಿದ್ದೆನಲ್ಲ, ಮೂರು ಕಡೆಯಿಂದ 'ಇಲ್ಲ' ಎಂದು ಬಂದಿದೆ. 'ಈ ವರ್ಷ ಅಸಾಧಾರಣ ಸಂಖ್ಯೆಯಲ್ಲಿ ಪ್ರತಿಭಾವಂತರ ಅರ್ಜಿಗಳು ಬಂದಿದ್ದವು' ಎಂದು ಮೂರೂ ಶುರುವಾಗುತ್ತವೆ. ನೀವು ಕಲಿಸಿದಂತೆ ಪಕ್ಕಪಕ್ಕ ಇಟ್ಟು ಹೋಲಿಸಿದೆ. ಯಾರೋ ಒಬ್ಬರು ಬರೆದಿದ್ದನ್ನು ಉಳಿದಿಬ್ಬರು ನಕಲು ಮಾಡಿದ್ದಾರೆ. ಎರಡನೆಯವರು ಒಂದು ಕಾಗುಣಿತದ ತಪ್ಪನ್ನೂ ತಮ್ಮ ಕಡೆಯಿಂದ ಸೇರಿಸಿದ್ದಾರೆ. ಉಳಿದ ಮೂರು ಕಡೆ 'ಪರಿಶೀಲನೆಯಲ್ಲಿದೆ'. ಹನ್ನೊಂದು ವಾರದಿಂದ ಅದೇ ಒಂದು ಪದ. ದಿನಕ್ಕೆ ಎಷ್ಟು ಸಲ ಅವರ ಜಾಲತಾಣದ ಪುಟ ತೆರೆದು ನೋಡುತ್ತೇನೆಂದು ಹೇಳಿದರೆ ನಿಮಗೆ ನನ್ನ ಮೇಲಿರುವ ಅಷ್ಟಿಷ್ಟು ನಂಬಿಕೆಯೂ ಹೋಗುತ್ತದೆ. ಅರ್ಜಿದಾರರೇ ಸೇರಿಕೊಂಡು ಸುದ್ದಿ ಹಂಚಿಕೊಳ್ಳುವ ಜಾಲತಾಣವೊಂದಿದೆ. ಅಲ್ಲಿ ಯಾರೋ ಒಬ್ಬ ಪುಣ್ಯಾತ್ಮ, 'ಆಯ್ಕೆಯಾದವರಿಗೆ ಈಗಾಗಲೇ ಫೋನ್ ಮಾಡಿ ಮುಗಿಸಿದ್ದಾರಂತೆ' ಎಂದು ಬರೆದು ಮಾಯವಾಗಿದ್ದಾನೆ. ಯಾವ ವಿಶ್ವವಿದ್ಯಾಲಯ, ಯಾರು ಹೇಳಿದ್ದು, ಯಾವಾಗ, ಒಂದೂ ಇಲ್ಲ. ಆಧಾರವಿಲ್ಲದ ಆ ಒಂದು ಸಾಲಿಗೆ ನಾನು, ನಿಮ್ಮ ವಿದ್ಯಾರ್ಥಿನಿ, ಎರಡು ದಿನ ಊಟ ಸೇರದೆ ಓಡಾಡಿದೆ.

ಬೆಳಗ್ಗೆ ಎದ್ದರೆ ಅಮ್ಮ ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆಯೇ 'ಬಂತಾ?' ಅಂತಾಳೆ. ಇಲ್ಲ ಎಂದರೆ ಸುಮ್ಮನಿರುವ ಜಾಯಮಾನ ಅವಳದಲ್ಲ. 'ಅಷ್ಟೊಂದು ಓದಿರೋರು ಕೂತ್ಕೊಂಡು ಒಂದು ಅರ್ಜಿ ನೋಡಕ್ಕೆ ಇಷ್ಟು ದಿನ ಬೇಕಾ? ನಾನಾಗಿದ್ರೆ ಇಷ್ಟೊತ್ತಿಗೆ ಒಂದಿಡೀ ಶಾಲೆಗೆ ಯೂನಿಫಾರಂ ಹೊಲಿದು ಗುಂಡಿನೂ ಹಾಕಿ ಕೊಡ್ತಿದ್ದೆ.' ಮೈಯೆಲ್ಲ ಪರಚಿಕೊಳ್ಳಬೇಕು ಅನ್ನಿಸುತ್ತದೆ.

ಇದರಲ್ಲಿ ಇನ್ನೊಂದು ತಮಾಷೆಯೂ ಇದೆ. ಈ ಪುರಸಭೆಯ ದಾಖಲೆ ಕೋಣೆಯ ಕಿಟಕಿಯಲ್ಲಿ ಕೂತು ಒಂಬತ್ತು ವರ್ಷಗಳಿಂದ ಜನಕ್ಕೆ 'ಪರಿಶೀಲನೆಯಲ್ಲಿದೆ, ಮುಂದಿನ ವಾರ ಬನ್ನಿ' ಎಂದು ಹೇಳಿ ಕಳಿಸುತ್ತಿರುವವಳು ನಾನೇ. ಮೊನ್ನೆ, ಜನನ ಪತ್ರದಲ್ಲಿ ತಂದೆಯ ಹೆಸರು ತಿದ್ದಿಸಲು ಅಲೆಯುತ್ತಿರುವ ಒಬ್ಬ ಅಜ್ಜಿ ಕೇಳಿದರು: 'ಪರಿಶೀಲನೆ ಅಂದ್ರೆ ಯಾರು ನೋಡ್ತಾ ಇದಾರಮ್ಮಾ?' ಯಾರೂ ನೋಡುತ್ತಿರಲಿಲ್ಲ ಮೇಷ್ಟ್ರೇ. ಫೈಲು ನನ್ನ ಮೇಜಿನ ಎಡಬದಿಯ ಕಟ್ಟಿನಲ್ಲೇ ಇತ್ತು. ಅವರನ್ನು ಕೂರಿಸಿ, ಅರ್ಧ ಗಂಟೆಯಲ್ಲಿ ಸಹಿ ಮಾಡಿಸಿ ಕೊಟ್ಟೆ. ಅವರು ಕೈ ಮುಗಿದಾಗ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು.

ನಾಳೆ ಶುಕ್ರವಾರ. ನಮ್ಮ ದೊಡ್ಡ ಗುಮಾಸ್ತರು ಈ ತಿಂಗಳು ನಿವೃತ್ತರಾಗುತ್ತಾರೆ. ಅವರ ಹುದ್ದೆ ನನಗೆ ಬಂದಿದೆ. ಒಪ್ಪಿಗೆಯೋ ಇಲ್ಲವೋ ನಾಳೆ ಸಂಜೆಯೊಳಗೆ ಬರೆದು ಕೊಡಬೇಕು. ಒಪ್ಪಿದರೆ ಮೂರು ವರ್ಷ ದೀರ್ಘ ರಜೆ ಕೇಳುವಂತಿಲ್ಲ. ಈಗ ನನಗೆ ಮೂವತ್ತೈದು. 'ನಿನ್ನ ಪಿಎಚ್.ಡಿ. ಎಲ್ಲೂ ಓಡಿ ಹೋಗಲ್ಲಮ್ಮ, ಈ ಪೋಸ್ಟು ಓಡಿ ಹೋಗುತ್ತೆ' ಎಂದು ದೊಡ್ಡ ಗುಮಾಸ್ತರು ದಿನಾ ಬಂದು ಹೇಳುತ್ತಾರೆ. ಒಳ್ಳೆಯ ಮನುಷ್ಯ, ನನ್ನ ಹಿತಕ್ಕೇ ಹೇಳುತ್ತಾರೆ. ಆದರೆ ಬೀದಿ ನಲ್ಲಿಗಾಗಿ ಈ ಊರಿನ ಹೆಂಗಸರು ಬರೆದುಕೊಂಡ ನಾನೂರು ಮನವಿಗಳು ಈ ಕೋಣೆಯ ಕೊನೆಯ ಕಪಾಟಿನಲ್ಲಿವೆ. ಅವನ್ನು ಇಷ್ಟು ವರ್ಷ ಓದಿದವಳು ನಾನೊಬ್ಬಳೇ. ಇನ್ನು ಮೂರು ವರ್ಷ ತಡೆದರೆ ನಾನು ಮತ್ತೆ ಅರ್ಜಿ ಹಾಕುವುದಿಲ್ಲ. ನನ್ನನ್ನು ನಾನು ಬಲ್ಲೆ.

ಇಂಥ ಹೊತ್ತಿನಲ್ಲಿ ನಿಮ್ಮ ಪತ್ರದ ಪ್ರತಿ ಬಂತು.

ಎರಡೂವರೆ ಪುಟ. ಏಳು ಅಡಿಟಿಪ್ಪಣಿಗಳು. ಶಿಫಾರಸು ಪತ್ರಕ್ಕೆ ಅಡಿಟಿಪ್ಪಣಿ ಹಾಕುವವರು ಈ ಭೂಮಿಯ ಮೇಲೆ ನಿಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ. 'ಮಾವ ಒಂದಕ್ಷರನೂ ಕಮ್ಮಿ ಮಾಡಲ್ಲ ಅಂತಾರೆ ಕಣ್ರೀ, ಏನ್ ಮಾಡ್ಲಿ?' ಎಂದು ನಿಮ್ಮ ಸೊಸೆ ಡಿಸೆಂಬರಿನಲ್ಲಿ ಫೋನ್ ಮಾಡಿದಾಗ, ಹೇಗಾದರೂ ಅಪ್‌ಲೋಡ್ ಮಾಡಿಬಿಡಿ ಅಂದಿದ್ದೆ. ಏನನ್ನು ಎಂದು ಆಗ ಗೊತ್ತಿದ್ದರೆ ಬಸ್ಸು ಹತ್ತಿ ಬಂದು ಕಂಪ್ಯೂಟರಿನ ವೈರು ಕೀಳುತ್ತಿದ್ದೆ.

'ಈಕೆ ಉತ್ತಮ ವಿದ್ಯಾರ್ಥಿನಿ' ಎಂದು ಬರೆದು, ಕೆಳಗೆ ಒಂದನೆಯ ಟಿಪ್ಪಣಿ: 'ಅತ್ಯುತ್ತಮ ಎನ್ನಲು ಉಳಿದ ವರ್ಷಗಳ ಅಂಕಪಟ್ಟಿಗಳು ನನ್ನ ಬಳಿ ಇಲ್ಲ.' ಎರಡನೆಯದು: 'ಒಂದು ಪ್ರಬಂಧವನ್ನು ಮೂರು ದಿನ ತಡವಾಗಿ ಕೊಟ್ಟಿದ್ದಳು. ಜ್ವರ ಎಂದಳು, ಪರಿಶೀಲಿಸಿಲ್ಲ.' 'ಪ್ರಾಮಾಣಿಕಳು' ಎಂಬ ಒಂದು ಪದಕ್ಕೆ ನಾಲ್ಕನೆಯದು: 'ನಾನು ಪಾಠ ಹೇಳಿದ ಎರಡು ವರ್ಷಗಳ ಮಟ್ಟಿಗೆ. ನಂತರದ ಅವಧಿಗೆ ನನ್ನಲ್ಲಿ ಆಧಾರವಿಲ್ಲ.' ಮೇಷ್ಟ್ರೇ, ನಿಮಗೆ ದಮ್ಮಯ್ಯ ಅಂತೀನಿ! ಬೇರೆಯವರ ಮೇಷ್ಟ್ರುಗಳೆಲ್ಲ 'ನನ್ನ ವೃತ್ತಿಜೀವನದಲ್ಲೇ ಇಂಥ ಪ್ರತಿಭೆ ಕಂಡಿಲ್ಲ' ಎಂದು ಕಣ್ಣು ಮುಚ್ಚಿ ಬರೆದು ಕೊಡುತ್ತಾರೆ, ವರ್ಷಕ್ಕೆ ಐದು ಜನಕ್ಕೆ ಬರೆದು ಕೊಡುತ್ತಾರೆ. ನೀವು ನನ್ನ ಜ್ವರಕ್ಕೆ ಸಾಕ್ಷಿ ಕೇಳುತ್ತೀರಿ. ಮೂರು ಕಡೆ ಯಾಕೆ 'ಇಲ್ಲ' ಎಂದರೋ ನಿನ್ನೆ ನನಗೆ ಅರ್ಥವಾಯಿತು ಅಂದುಕೊಂಡೆ. ಪತ್ರವನ್ನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಜವಾನರು ಓಡಿ ಬಂದರು.

ಆಮೇಲೆ ಏಳನೆಯದನ್ನು ಓದಿದೆ. ನಿಮಗೆ ಬಾಯಿಪಾಠ ಬರುತ್ತಿರಬಹುದು, ಆದರೂ ಇಲ್ಲಿ ಬರೆಯುತ್ತೇನೆ. 'ನನ್ನ ಪುಸ್ತಕದ ನೂರಾ ಹನ್ನೆರಡನೆಯ ಪುಟದಲ್ಲಿ ಪಟ್ಟಣದ ನೀರಿನ ಕೆರೆ ಕಟ್ಟಿದ ವರ್ಷ ತಪ್ಪಾಗಿದೆ. ಹದಿನಾಲ್ಕು ವರ್ಷಗಳ ಹಿಂದೆ ಈ ವಿದ್ಯಾರ್ಥಿನಿ ತರಗತಿಯಲ್ಲಿ ಎದ್ದು ನಿಂತು, ಆಧಾರಸಮೇತ ಅದನ್ನು ತೋರಿಸಿದಳು. ಕೂತುಕೊಳ್ಳಲು ಹೇಳಿದೆ. ಕೂತಳು. ಆ ನಂತರ ಎರಡು ಮುದ್ರಣಗಳಾದವು, ನಾನು ತಿದ್ದಲಿಲ್ಲ. ತಿಳಿಯದೆ ಅಲ್ಲ.'

ಆ ದಿನ ನೀವು ಹೇಳಿದ್ದು ಅಷ್ಟೇ ಅಲ್ಲ. 'ಕೂತ್ಕೊಳಮ್ಮ, ಪುಸ್ತಕ ಬರೆದೋನು ನಾನು' ಅಂದಿರಿ. ತರಗತಿಯೆಲ್ಲ ನಕ್ಕಿತು. ಇದೇ ಪುರಸಭೆಯ ಕಪಾಟಿನಿಂದ ನಕಲು ಮಾಡಿ ತಂದ, ಒಬ್ಬ ಹೆಂಗಸಿನ ಮನವಿಯ ಪ್ರತಿ ನನ್ನ ಕೈಯಲ್ಲಿತ್ತು: ಕೆರೆ ಕಟ್ಟಿ ಎರಡು ವರ್ಷವಾದರೂ ನಮ್ಮ ಬೀದಿಗೆ ನೀರು ಬಂದಿಲ್ಲ ಎಂದು, ನೀವು ಹೇಳಿದ ವರ್ಷಕ್ಕೂ ಮುಂಚೆ ಬರೆದದ್ದು. ಅದನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡೆ. ಎಂ.ಎ. ಮುಗಿಸಿ, ಅಲ್ಲಿ ಇಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಕೊನೆಗೆ ಈ ಕಚೇರಿಗೆ ಸೇರಿಕೊಂಡೆ. ಮುಂದೆ ಯಾಕೆ ಓದಲಿಲ್ಲ ಎಂದು ಕೇಳಿದವರಿಗೆಲ್ಲ ಮನೆಯ ಪರಿಸ್ಥಿತಿ ಎಂದು ಹೇಳುತ್ತಾ ಬಂದೆ. ಅದೂ ಸುಳ್ಳಲ್ಲ. ಆದರೆ ದಾಖಲೆಯಲ್ಲಿ ಇರಲಿ: ನಿಮ್ಮಿಂದಲೂ ಹೌದು. ನಾನು ಓದಿದ್ದು ತಪ್ಪಿರಬೇಕು ಎಂದು ಹಲವು ವರ್ಷ ನಂಬಿಕೊಂಡಿದ್ದೆ. ಹಾಗಿದ್ದೂ ಶಿಫಾರಸು ಬೇಕಾದಾಗ ನಿಮ್ಮ ಮನೆಯ ಬಾಗಿಲನ್ನೇ ತಟ್ಟಿದೆ. ಒಂದು ಹಳೆಯ ಕಾಗದವನ್ನು ಹೇಗೆ ಓದಬೇಕೆಂದು ನನಗೆ ಹೇಳಿಕೊಟ್ಟವರು ಬೇರೆ ಯಾರೂ ಇಲ್ಲ.

ಈ ಆರರಲ್ಲಿ ನಾಲ್ಕು ಕಡೆ ನಿಮ್ಮ ಪುಸ್ತಕ ಪಠ್ಯ. ಎರಡು ಕಡೆ ವಿಭಾಗದ ಮುಖ್ಯಸ್ಥರು ನಿಮ್ಮ ಹಳೆಯ ವಿದ್ಯಾರ್ಥಿಗಳು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವರೆಲ್ಲರೆದುರು ನಿಮ್ಮ ತಪ್ಪನ್ನು ನೀವೇ ಬರೆದು, ಕೆಳಗೆ ಸಹಿ ಹಾಕಿ ಕಳಿಸಿದ್ದೀರಿ. ಆಮೇಲೆ ಮೂರು ತಿಂಗಳು ನನಗೆ ಉಸಿರೆತ್ತಿಲ್ಲ. ನಿಮ್ಮ ಮೇಲೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳುವುದಕ್ಕೂ ನೀವು ಬಿಡುವುದಿಲ್ಲವಲ್ಲ ಮೇಷ್ಟ್ರೇ! ದಾಖಲೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಹೊರಗೆ ಯಾರೋ ಕಿಟಕಿ ಬಡಿಯುತ್ತಿದ್ದರು. ಮುಂದಿನ ವಾರ ಬನ್ನಿ ಅನ್ನಲು ಬಾಯಿ ಬರಲಿಲ್ಲ, ಮುಖ ಒರೆಸಿಕೊಂಡು ಎದ್ದೆ.

ಉಳಿದ ಮೂರು ವಿಶ್ವವಿದ್ಯಾಲಯಗಳ ಪುಟಗಳನ್ನೂ ಈಗಷ್ಟೇ ನೋಡಿದೆ. ಪರಿಶೀಲನೆಯಲ್ಲಿದೆ. ಮೂರೂ 'ಇಲ್ಲ' ಎಂದರೂ ಎನ್ನಬಹುದು. ನಿಮ್ಮ ಎರಡನೆಯ ಟಿಪ್ಪಣಿ ಓದಿದ ಮೇಲೆ ಅವರನ್ನು ದೂರುವುದೂ ಕಷ್ಟ. ಹಾಗಾದರೆ ಮುಂದಿನ ಡಿಸೆಂಬರಿನಲ್ಲಿ ಮತ್ತೆ ಹಾಕುತ್ತೇನೆ. ಗುಮಾಸ್ತರ ಕಾಗದದಲ್ಲಿ 'ಒಪ್ಪಿಗೆ ಇಲ್ಲ' ಎಂದು ಬರೆದು ಸಹಿ ಹಾಕಿದ್ದೇನೆ. ನಾಳೆ ಸಂಜೆಯವರೆಗೆ ಕಾಯಲಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಿದ ಮೇಲೆ ನನ್ನ ಗತಿ ಏನೆಂದು ನಿಮಗೆ ಬೇರೆ ಕಾಗದ ಬರೆಯುತ್ತೇನೆ.

ಒಂದು ತಿದ್ದುಪಡಿ ಬಾಕಿ ಇದೆ. ಏಳನೆಯ ಟಿಪ್ಪಣಿಯಲ್ಲಿ 'ಕೂತಳು' ಎಂದು ಬರೆದಿದ್ದೀರಿ. ಅದಕ್ಕೆ ನಿಮ್ಮ ಬಳಿ ಆಧಾರವಿಲ್ಲ. ನೀವು ಆಗಲೇ ಬೋರ್ಡಿನ ಕಡೆ ತಿರುಗಿಬಿಟ್ಟಿದ್ದಿರಿ. ನಾನು ಕೂತಿರಲಿಲ್ಲ ಮೇಷ್ಟ್ರೇ. ಗಂಟೆ ಹೊಡೆಯುವವರೆಗೂ ನಿಂತೇ ಇದ್ದೆ. ದಯವಿಟ್ಟು ನಿಮ್ಮ ಪ್ರತಿಯಲ್ಲಿ ತಿದ್ದಿಕೊಳ್ಳಿ.

ಪುಸ್ತಕದ ಮುಂದಿನ ಮುದ್ರಣದ ಕರಡು ನಾನೇ ನೋಡುತ್ತೇನೆ. ಅಲ್ಲಿಯವರೆಗಾದರೂ ಗಟ್ಟಿಮುಟ್ಟಾಗಿ, ಹೀಗೇ ಎಲ್ಲರ ತಲೆ ತಿನ್ನುತ್ತಾ ಇರಿ.

ಇನ್ನೂ ಪರಿಶೀಲನೆಯಲ್ಲಿರುವ,
ನಿಮ್ಮ ವಿದ್ಯಾರ್ಥಿನಿ